ಸರ್ವೋ ಅಂದ್ರ ಎಣ್ಣಿ

ಬಸವನ ಬಾಗೇವಾಡಿಯಲ್ಲಿ ಖಂಡೆಪ್ಪನ ಲೇಥ್ ಅಂಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಜನ ದಾರಿ ತೋರಿಸುವ ಮೊದಲು ಒಮ್ಮೆ ನಕ್ಕುಬಿಡುತ್ತಿದ್ದರು. ಮನಗೂಳಿ ರಸ್ತೆಯ ಆ ತಗಡಿನ ಶೆಡ್ಡಿನಲ್ಲಿ ಮೊದಲು ನಗುವಂಥದ್ದೇನೂ ಇರಲಿಲ್ಲ. ಒಂದು ಲೇಥು, ಒಂದು ಡ್ರಿಲ್ಲಿಂಗ್ ಮಶೀನು, ಒಂದು ವೆಲ್ಡಿಂಗ್ ಸೆಟ್ಟು, ಇವುಗಳ ನಡುವೆ ತಾನೂ ಒಂದು ಮಶೀನೇ ಎಂಬಂತೆ ಬೆಳಗಿನಿಂದ ಸಂಜೆಯವರೆಗೆ ಸದ್ದು ಮಾಡುತ್ತಿದ್ದ ಖಂಡೆಪ್ಪ. ನಗು ಶುರುವಾದದ್ದು ಇನ್ನೊಂದು ಮಶೀನು ಬಂದ ಮೇಲೆ.

ಆಲಮಟ್ಟಿಯ ಆಣೆಕಟ್ಟಿನ ಕೆಲಸ ಮುಗಿದು ಗುತ್ತಿಗೆದಾರರು ಒಬ್ಬೊಬ್ಬರಾಗಿ ಡೇರೆ ಕೀಳುತ್ತಿದ್ದ ಕಾಲ ಅದು. ಅವರಲ್ಲೊಬ್ಬ ತನ್ನ ವರ್ಕ್‌ಶಾಪಿನ ಸಾಮಾನನ್ನೆಲ್ಲ ಲಿಲಾವಿಗೆ ಇಟ್ಟ. ಖಂಡೆಪ್ಪ ಹೋದದ್ದು ಕೆಲಸದ ತುಂಡು ಬಿಗಿದು ಹಿಡಿಯುವ ಒಂದು ವೈಸು ತರಲು. ತಿರುಗಿ ಬಂದದ್ದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಿಲ್ಲಿಂಗ್ ಮಶೀನು ಹೇರಿಕೊಂಡು. ಅದಕ್ಕೆ ಎಷ್ಟು ಕೊಟ್ಟನೆಂಬುದನ್ನು ಹೆಂಡತಿ ಲಕ್ಕವ್ವನಿಗೇ ಹೇಳಲಿಲ್ಲವಾದ್ದರಿಂದ ನಮಗೂ ತಿಳಿಯುವ ಸಂಭವವಿಲ್ಲ.

ಅವನ ಆಸೆ ಅಂಥ ದೊಡ್ಡದೇನಲ್ಲ. ಹಿಟ್ಟಿನ ಗಿರಣಿಯದೋ ಕಬ್ಬಿನ ಗಾಣದ್ದೋ ಗೇರಿನ ಹಲ್ಲು ಮುರಿದರೆ, ಈ ಕಡೆಯವರೆಲ್ಲ ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಿಜಾಪುರಕ್ಕೆ ಹೋಗಬೇಕಾಗಿತ್ತು. ಲೇಥಿನ ಮೇಲೆ ಹಲ್ಲು ಕಡಿಯಲು ಬರುವುದಿಲ್ಲ. "ಹಲ್ಲಿನ ಕೆಲಸ ನಮ್ಮಲ್ಲಿ ಆಗೂದಿಲ್ರಿ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಖಂಡೆಪ್ಪನ ನಾಲಿಗೆಗೆ ಆ ಮಾತು ಬೇವಾಗಿತ್ತು. ಒಂದು ಗೇರನ್ನಾದರೂ ಬಾಗೇವಾಡಿಯಲ್ಲಿ, ತನ್ನ ಕೈಯಾರೆ ಕಡಿಯಬೇಕು. ಅಲ್ಲಿಯತನಕ ಅವನು ಕಡಿದ ಹಲ್ಲೆಂದರೆ ಸಿಟ್ಟು ಬಂದಾಗ ಕಡಿದ ತನ್ನವೇ.

ಮಶೀನಿನ ಕಬ್ಬಿಣ ಕಡಿಯುವ ಕಟರು ತಿರುಗಿಸಲು ಸಾದಾ ಮೂರು ಫೇಸಿನ ಮೋಟಾರಿತ್ತು. ಪಕ್ಕದ ಅಂಗಡಿಯ ಬಂದಗಿಸಾಬ ಅದನ್ನು ಅರ್ಧ ದಿನದಲ್ಲಿ ನಡೆಸಿ ತೋರಿಸಿದ. ಬಂದಗಿಸಾಬನೆಂದರೆ ನೀರೆತ್ತುವ ಮೋಟಾರು ಸುಟ್ಟಾಗ ಅದರ ತಂತಿ ಬಿಚ್ಚಿ ಹೊಸದು ಸುತ್ತಿಕೊಡುವವನು. ತಾಲೂಕಿನಲ್ಲಿ ವೋಲ್ಟೇಜು ಏರುಪೇರಾದಷ್ಟೂ ಅವನ ಮನೆಯಲ್ಲಿ ಬಿರಿಯಾನಿ ಎಂದು ಖಂಡೆಪ್ಪ ಹಂಗಿಸುತ್ತಿದ್ದ. ಕಟರೇನೋ ಗಿರಗಿರನೆ ತಿರುಗಿತು. ಆದರೆ ಕೆಲಸದ ತುಂಡನ್ನು ಹಿಡಿದುಕೊಂಡು ಕಟರಿನ ಕಡೆ ನಡೆಯಬೇಕಾದ ಟೇಬಲ್ಲು ಕೂತಲ್ಲಿಂದ ಏಳಲಿಲ್ಲ. ಬೇರೆ ಮಿಲ್ಲಿಂಗ್ ಮಶೀನಿಗಿರುವಂತೆ ಕೈಯಿಂದ ತಿರುವಲು ಅದಕ್ಕೆ ಹಿಡಿಕೆ ಇರಲಿಲ್ಲ. ಟೇಬಲ್ಲನ್ನು ಎಳೆಯುವ ಎರಡು ಸ್ಕ್ರೂಗಳ ತುದಿಗೆ ಎರಡು ಕರಿ ಮೋಟಾರು ಕೂತಿದ್ದವು. ಒಂದು ಬಾಗಿಲ ಕಡೆ, ಇನ್ನೊಂದು ಹಿಂದೆ ಗೋಡೆಯ ಸಂದಿಯಲ್ಲಿ. ಅವಕ್ಕೆ ಅಪ್ಪಣೆ ಕೊಡಬೇಕಾದ ಕಂಪ್ಯೂಟರಿನ ಕಪಾಟಿನಲ್ಲಿ ಇಲಿಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿದ್ದವು.

"ತಲಿ ತಿರಗತೈತಿ, ಕಾಲು ಏಳೂದಿಲ್ಲ," ಎಂದ ಬಂದಗಿಸಾಬ. "ದೋಸ್ತಾ, ಇದು ಕುಡದೈತಿ."

"ನೀ ಸುಮ್ಮ ಕುಂದರು."

"ಒಂದು ಹಿಡಿಕಿ ಮಾಡಿ ಹಾಕಲ್ಲ. ಲೇಥ್ ಐತಿ, ಕೈ ಅದಾವು."

"ಹಿಡಿಕಿ ಹಾಕಿದ್ರ ಅದು ಮಶೀನ್ ಅಲ್ಲೋ, ಬೀಸೂಕಲ್ಲು. ಬೀಸೂಕಲ್ಲು ತರಾಕ ಆಲಮಟ್ಟಿಗೆ ಹೋಗಿದ್ನೇನು ನಾ?"

ಕರಿ ಮೋಟಾರುಗಳ ಬೆನ್ನ ಮೇಲಿನ ಮುಚ್ಚಳಗಳು ಎಲ್ಲೋ ಕಳೆದುಹೋಗಿ, ಅಲ್ಲಿ ಬಾಯಿ ತೆರೆದಂತೆ ಒಂದೊಂದು ತೂತು ಉಳಿದಿತ್ತು. ಹೆಸರಿನ ಪಟ್ಟಿ ಉಜ್ಜಿ ಹೋಗಿತ್ತು. ಎಷ್ಟು ವೋಲ್ಟು, ಯಾವ ಊರು, ಒಂದೂ ಇಲ್ಲ. ಉಳಿದದ್ದು ಇಂಗ್ಲಿಷಿನ ಒಂದೇ ಶಬ್ದ: ಸರ್ವೋ. ಈ ಸೀಮೆಯಲ್ಲಿ ಸರ್ವೋ ಅಂದರೆ ಟ್ರ್ಯಾಕ್ಟರಿನ ಇಂಜಿನ್ನಿಗೆ ಹಾಕುವ ಎಣ್ಣೆ. ಪೆಟ್ರೋಲ್ ಪಂಪಿನ ಗೋಡೆಯ ಮೇಲೂ ಅದೇ, ರೈತರ ಮನೆಯ ಅಟ್ಟದ ಮೇಲಿನ ಖಾಲಿ ಡಬ್ಬಿಯ ಮೇಲೂ ಅದೇ. ಅದಕ್ಕೆ ಬೇರೆ ಅರ್ಥವೂ ಇರಬಹುದೆಂದು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ.

ಲಕ್ಕವ್ವನೂ ಒಮ್ಮೆ ಅದರ ಮುಂದೆ ನಿಂತು ಕೇಳಿದ್ದಳು. "ಇದು ಹಣಿ ಮ್ಯಾಲೆ ಏನ ಬರಕೊಂಡೈತ್ರಿ?"

"ಸರ್ವೋ."

"ಮತ್ತ?"

"ಮತ್ತೇನಿಲ್ಲ. ಸರ್ವೋ ಅಷ್ಟ."

"ಹಂಗಂದ್ರ ಸರ್ವೋ," ಎಂದು ತನಗೆ ತಾನೇ ಹೇಳಿಕೊಂಡು ಹೋಗಿದ್ದಳು.

ಖಂಡೆಪ್ಪ ಕೇಳದ ಜಾಗವಿಲ್ಲ. ಸಿಂದಗಿಯಲ್ಲಿ ಸ್ಪೇರ್ ಪಾರ್ಟಿನ ಅಂಗಡಿ ಇಟ್ಟಿದ್ದ ಸಿದ್ದಾರೂಢನಿಗೆ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿ, "ಸರ್ವೋ ಮೋಟಾರಿಂದು ಏನರ ಗೊತ್ತೈತೇನೋ?" ಎಂದು ಗಂಟಲು ಹರಿಯುವಂತೆ ಕೂಗಿದ. "ಅದರಾಗ ಗೊತ್ತಿಲ್ಲದ್ದು ಏನೈತ್ರಿ? ನಾಳೆ ಬಸ್ಸಿಗೆ ಇಟ್ಟು ಕಳಸ್ತೇನಿ," ಎಂದ ಸಿದ್ದಾರೂಢ. ಮರುದಿನ ಸಿಂದಗಿ ಬಸ್ಸಿನ ಡ್ರೈವರನ ಕಾಲ ಬುಡದಲ್ಲಿ ಒಂದು ದೊಡ್ಡ ಡಬ್ಬಿ ಎಣ್ಣೆ ಬಂತು. ಖಂಡೆಪ್ಪ ಅದನ್ನು ಮಶೀನಿನ ಪಕ್ಕದ ಹಲಗೆಯ ಮೇಲಿಟ್ಟು ಮರೆತ. ಆಮೇಲೆ ಮುದ್ದೇಬಿಹಾಳದ ಬೋರ್‌ವೆಲ್ ಮೇಸ್ತ್ರಿಯೊಬ್ಬ ಬಂದು, ಮೋಟಾರಿಗೆ ಕಿವಿ ಹಚ್ಚಿ, ಮೂಸಿ, "ಇದು ನೀರಾಗ ಇಳಿಬಿಡೂ ಮೋಟಾರ್ ರಿ. ನೀವು ದಂಡಿ ಮ್ಯಾಲೆ ಇಟ್ಟೀರಿ, ಹ್ಯಾಂಗ ತಿರಗಬೇಕದು?" ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದ.

ಬಂದಗಿಸಾಬನದು ಬೇರೆಯೇ ಚಡಪಡಿಕೆ. ಬಿಚ್ಚದ ಮೋಟಾರು ಅವನ ಪಾಲಿಗೆ ಒಡೆದು ಓದದ ಕಾಗದದಂತೆ. "ಕೊಡು, ಬಿಚ್ಚಿ ನಡುವಿಂದು ಹೊರಗ ತಗದು ನೋಡ್ತೇನಿ," ಎಂದು ದಿನಾ ಕೇಳುವನು. "ಇಲ್ಲಾಂದ್ರ ಎರಡು ದಪ್ಪ ವೈರ್ ಅದಾವು, ಮನಿ ಪ್ಲಗ್ಗಿಗೆ ಹಚ್ಚೂಣು."

"ಹಚ್ಚಿದ್ರ ಸುಡತೈತಿ. ಸುಟ್ರ ಸುತ್ತಾಕ ನೀನ ಅದಿ. ಭಾಳ ಛಲೋ ದಂಧೆ ನಿಂದು."

ಹೀಗೆ ಒಂದು ದಸರೆ ಬಂತು. ಈ ಕಡೆ ಆಯುಧಪೂಜೆಗೆ ಖಂಡೆ ಪೂಜೆ ಎನ್ನುತ್ತಾರೆ. ಖಂಡೆಪ್ಪ ಹುಟ್ಟಿದ್ದೂ ಅದೇ ದಿನವಾದ್ದರಿಂದ ಅಂಗಡಿಯಲ್ಲಿ ಅವತ್ತು ಪೂಜೆ ಯಾರಿಗೆ ಎಂಬ ತಮಾಷೆ ವರ್ಷವರ್ಷವೂ ಇದ್ದದ್ದೇ. ಲಕ್ಕವ್ವ ತಾಟು ಹಿಡಿದು ಬಂದು ಲೇಥಿಗೆ ವಿಭೂತಿ ಹಚ್ಚಿದಳು, ಡ್ರಿಲ್ಲಿಗೆ ಹಚ್ಚಿದಳು, ವೆಲ್ಡಿಂಗ್ ಸೆಟ್ಟಿಗೆ ಹಚ್ಚಿದಳು, ಮೂಲೆಯಲ್ಲಿದ್ದ ಸುತ್ತಿಗೆಗೂ ಕುಂಕುಮ ಇಟ್ಟಳು. ಮಿಲ್ಲಿಂಗ್ ಮಶೀನಿನ ಮುಂದೆ ಬಂದವಳು ಸೆರಗು ಸರಿ ಮಾಡಿಕೊಂಡು ದಾಟಿ ಹೋದಳು.

"ಅದಕ್ಕ?" ಎಂದ ಖಂಡೆಪ್ಪ.

"ದುಡೀಲಾರದವರಿಗೆ ಪೂಜಿ ಮಾಡೂ ಪದ್ಧತಿ ನಮ್ಮ ಮನ್ಯಾಗಿಲ್ರಿ. ಇದು ಮನಿ ಅಳ್ಯಾ. ಬಂತು, ಕುಂತೈತಿ. ಅರ್ಧಾ ಅಂಗಡಿ ಹಿಡದು ಕುಂತೈತಿ."

ಪ್ರಸಾದಕ್ಕೆ ಕೂಡಿದ್ದ ಗಿರಾಕಿಗಳು ನಕ್ಕರು. ನಕ್ಕವರನ್ನು ನೋಡಿ ಖಂಡೆಪ್ಪನಿಗೆ ಸಿಟ್ಟು ಏರಿತು. "ನಡಸೇ ನಡಸ್ತೇನಿ ಅದನ್ನ!"

"ಯಾವಾಗ್ರಿ? ಬರೂ ಖಂಡೆ ಪೂಜಿಗೆ ತನ್ನ ಕಾಲಲೆ ತಾ ಹೆಜ್ಜಿ ಇಡಲಿ, ನಾನ ಕಾಯಿ ಒಡದು ಆರತಿ ಮಾಡ್ತೇನಿ. ಇಡಲಿಲ್ಲಂದ್ರ ನಾಲತವಾಡದ ಗುಜರಿಯವಗ ಹೇಳಿ ಕಳಸ್ತೇನಿ. ಕಬೂಲೇನು?"

"ಕಬೂಲ್," ಎಂದ ಖಂಡೆಪ್ಪ. ಗಂಡಸು ಹತ್ತು ಜನರ ಮುಂದೆ ಬೇರೇನು ಅನ್ನಲು ಸಾಧ್ಯ? ಅಂದಿನಿಂದ ಊರ ಜನ, "ಅಳ್ಯಾ ಎದ್ನೇನ್ರಿ?" ಎಂದು ಕೇಳುತ್ತಲೇ ಅಂಗಡಿಗೆ ಕಾಲಿಡತೊಡಗಿದರು.

ಮುಂದಿನ ದಸರೆ ಹತ್ತಿರ ಬಂದಾಗಲೂ ಅಳಿಯ ಎದ್ದಿರಲಿಲ್ಲ. ನಾಲತವಾಡದ ಗುಜರಿಯವನು ಒಮ್ಮೆ ಬಂದು ಬಾಗಿಲಲ್ಲೇ ನಿಂತು, ಕಣ್ಣಲ್ಲೇ ಮಶೀನಿನ ತೂಕ ಮಾಡಿಕೊಂಡು ಹೋದ. ಅವನ ನೋಟ ಖಂಡೆಪ್ಪನ ಎದೆಗೆ ನಾಟಿತು. ಅಷ್ಟರಲ್ಲಿ ಬಕೆಟ್ಟಿಗೆ ಹಿಡಿಕೆ ಬೆಸೆಯಿಸಲು ಬಂದ ರಾವಸಾಬ ಮಾಸ್ತರರು, "ನಮ್ಮ ಪಲ್ಲವಿ ಇಂಡಿ ಐಟಿಐದಾಗ ಇದನ್ನ ಕಲಸ್ತಾಳಲ್ಲೋ. ಒಯ್ದು ತೋರಸು," ಎಂದರು. ಖಂಡೆಪ್ಪ ಬಾಗಿಲ ಕಡೆಯ ಮೋಟಾರನ್ನು ಬಿಚ್ಚಿ, ಹಳೆಯ ಧೋತರದಲ್ಲಿ ಸುತ್ತಿ, ಬಿಜಾಪುರದ ಮೇಲೆ ಹಾದು ಇಂಡಿಗೆ ಹೊರಟ. ಗೋಡೆಯ ಸಂದಿಯಲ್ಲಿದ್ದ ಇನ್ನೊಂದಕ್ಕೆ ನಟ್ಟು ಬಿಚ್ಚುವ ಅವನ ಪಾನೆಯೇ ಎಟುಕಲಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಪಕ್ಕದ ಮುದುಕಿ ಅದನ್ನು ನೋಡಿ ನೋಡಿ, "ಯಪ್ಪಾ, ಕೂಸೇನು?" ಎಂದಳು.

"ಅಲ್ಲವ್ವ, ಮೋಟಾರ."

"ಬೇಶಾತು. ಅಳೂದಿಲ್ಲ."

ಅಳಲಿಲ್ಲ ನಿಜ. ಆದರೆ ಬಿಜಾಪುರ ದಾಟುವಷ್ಟರಲ್ಲಿ ಕೂಸು ಮಾಡಬಹುದಾದ ಇನ್ನೊಂದು ಕೆಲಸವನ್ನು ಮಾಡಿತು. ಖಂಡೆಪ್ಪನ ತೊಡೆ ತೇವವಾಯಿತು. ಧೋತರದಲ್ಲಿ ಕಂದು ಬಣ್ಣದ ಕಲೆ ಹರಡಿ, ಮುದುಕಿಯ ಸೀರೆಯ ಅಂಚಿನವರೆಗೆ ಹೋಯಿತು. "ನಾ ಅಂದಿದ್ದೆಲ್ಲ, ಕೂಸ ಐತಿ ಅಂತ!" ಎಂದು ಅವಳು ಎದ್ದು ಬೇರೆ ಸೀಟಿಗೆ ಹೋದಳು. ಎಣ್ಣೆ. ಸರ್ವೋ ಮೋಟಾರಿನ ಹೊಟ್ಟೆಯಲ್ಲಿ ಸರ್ವೋ ಇರುವುದು ಸಹಜವೇ ಎಂದು ಖಂಡೆಪ್ಪ ಸಮಾಧಾನ ಮಾಡಿಕೊಂಡ.

ಪಲ್ಲವಿಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಟೇಪ್‌ರೆಕಾರ್ಡರೊಂದು ಬಿದ್ದಿತ್ತು. ಮಾಸ್ತರರ ಮಗಳು ಎಂದು ನೆನಪಿದ್ದ ಜಡೆಯ ಹುಡುಗಿ ಈಗ ಮೇಡಂ ಆಗಿದ್ದಳು. ಆದರೆ ಮಾತು ಮಾತ್ರ ಬಾಗೇವಾಡಿಯದೇ.

"ಕಾಕಾ, ಇದನ್ನ ಯಾರರ ಬಿಚ್ಚ್ಯಾರೇನು?"

"ಇಲ್ರಿ ಮೇಡಂ. ಒಬ್ಬಾಂವ ಕೈ ತುರಸಾಕತ್ತಾನ, ನಾ ಬಿಟ್ಟಿಲ್ಲ."

"ಪುಣ್ಯಾ ಮಾಡೀರಿ. ಮತ್ತ ಮೇಡಂ ಗೀಡಂ ಅನಬ್ಯಾಡ್ರಿ, ಸಣ್ಣಾಕಿ ಇದ್ದಾಗ ನನ್ನ ಸೈಕಲ್ ಪೆಡಲ್ ಬೆಸದು ಕೊಟ್ಟವರು ನೀವು. ಇದರಾಗ ಚುಂಬಕ ಅದಾವು. ನಡುವಿಂದು ಹಿರದು ಹೊರಗ ತಗದ್ರ ಅವುಗಳ ಕಸುವು ಹೋಗತೈತಿ."

"ಮನಿ ಪ್ಲಗ್ಗಿಗೆ ಹಚ್ಚಿದ್ರ?"

"ದೀಪಾವಳಿ."

ಅವಳು ವೈರುಗಳನ್ನು ಬೆರಳಿನಿಂದ ಬೇರೆ ಮಾಡಿದಳು. "ನೋಡ್ರಿ, ಈ ಎರಡು ದಪ್ಪನ್ನು ಉಣ್ಣಾಕ. ಈ ಎರಡು ಸಣ್ಣನ್ನು, ನಾ ಎಷ್ಟ ಜೋರ ಓಡಾಕತ್ತೇನಿ ಅಂತ ಹೇಳಾಕ. ಹಂಗಂದ್ರ ಇದು ಬ್ಯಾಟರಿ ಕರೆಂಟಿನ ಜಾತಿ. ಈ ಟೇಪ್‌ರೆಕಾರ್ಡರ್ ಒಳಗ ಸಣ್ಣ ಮೋಟಾರ್ ಐತೆಲ್ಲ, ಅದರ ದೊಡ್ಡಣ್ಣ. ಖಾತ್ರಿ ಮಾಡ್ಕೊಳ್ಳೂಣು." ದಪ್ಪ ವೈರುಗಳ ತುದಿಗೆ ಟಾರ್ಚಿನ ಬಲ್ಬು ಸಿಕ್ಕಿಸಿದಳು. "ಕೈಲೆ ತಿರಿವ್ರಿ. ಚುಂಬಕದ್ದು ಇದ್ರ ಅದು ಕರೆಂಟ್ ಬೇಡೂದಿಲ್ಲ, ಕೊಡತೈತಿ."

ಖಂಡೆಪ್ಪ ತಿರುವಿದ. ಬಲ್ಬು ಕಪ್ಪಗೇ ಇತ್ತು. ಇನ್ನೂ ಜೋರು ತಿರುವಿದ. ಹಣೆಯಲ್ಲಿ ಬೆವರು ಬಂತು, ಬಲ್ಬಿನಲ್ಲಿ ಬೆಳಕು ಬರಲಿಲ್ಲ. ನಾಲತವಾಡದ ಗುಜರಿಯವನು ಕಣ್ಣ ಮುಂದೆ ಬಂದು ನಿಂತ.

ಪಲ್ಲವಿ ಮೋಟಾರಿನ ಬದಿಯಲ್ಲಿದ್ದ ಗುಂಡಿಯಂಥ ಸಣ್ಣ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ತೆಗೆದಳು. ಒಳಗಿನಿಂದ ಗಟ್ಟಿಯಾದ ಕರಿ ಮುದ್ದೆಯೊಂದು ನಿಧಾನವಾಗಿ ಹೊರಗೆ ಇಣುಕಿತು.

"ಕಾಕಾ, ಇದರಾಗ ಗುರೆಳ್ಳ ಚಟ್ನಿ ಅರದಾವರು ಯಾರು?"

"ಅಂದ್ರ?"

"ಈ ಕರೇದು ಕಾರ್ಬನ್ ತುಂಡು, ಇದಕ್ಕ ಬ್ರಶ್ ಅಂತಾರ. ಇದರ ಮೂಲಕ ಕರೆಂಟ್ ಹಾಯತೈತಿ. ಎಣ್ಣಿ ಬಿದ್ದು ಕಾರ್ಬನ್ ಪುಡಿ ಕೂಡಿ ಚಟ್ನಿ ಆಗೇತಿ. ಒಂದು ದಿನದ ಎಣ್ಣಿ ಅಲ್ಲ ಇದು. ಯಾರೋ ಭಾಳ ದಿನದಿಂದ ಕಾಳಜಿಲೆ ಹಾಕ್ಯಾರ."

"ಸರ್ವೋ ಅಂತ ಬರದೈತೆಲ್ಲವಾ... ಎಣ್ಣಿ ಇರಬೇಕಲ್ಲೇನು?"

ಪಲ್ಲವಿ ತಡೆಯಲಾರದೆ ನಕ್ಕಳು. "ಆ ಸರ್ವೋ ಅಲ್ರಿ ಕಾಕಾ! ಇಷ್ಟ ತಿರುಗು ಅಂದ್ರ ಅಷ್ಟ ತಿರಗಿ, ನಿಲ್ಲು ಅಂದಲ್ಲಿ ನಿಲ್ಲೂ ಮೋಟಾರಿಗೆ ಸರ್ವೋ ಅಂತಾರ. ಹೇಳಿದಂಗ ಕೇಳೂ ಆಳು ಇದ್ದಂಗ."

ಪೆಟ್ರೋಲಿನ ಅರಿವೆಯಿಂದ ಅವಳು ಬ್ರಶ್ಶುಗಳನ್ನೂ ಅವು ಕೂಡುವ ಜಾಗವನ್ನೂ ಒರೆಸಿದಳು. ಖಂಡೆಪ್ಪ ಮತ್ತೆ ತಿರುವಿದ. ಬಲ್ಬಿನಲ್ಲಿ ಹಣತೆಯ ಕುಡಿಯಷ್ಟು ಕೆಂಪು ಮೂಡಿ, ಮಿಣುಕಿ, ನಿಂತಿತು. ಖಂಡೆಪ್ಪ ಬಾಯಿ ತೆರೆದುಕೊಂಡು ತಿರುವುತ್ತಲೇ ಇದ್ದ. ಪಲ್ಲವಿ ಬಲ್ಬನ್ನು ಕಿತ್ತು, ಎರಡೂ ವೈರುಗಳ ತುದಿಯನ್ನು ಒಂದಕ್ಕೊಂದು ಮುಟ್ಟಿಸಿ ಹಿಡಿದಳು. "ಈಗ ತಿರಿವ್ರಿ." ತಟ್ಟನೆ ಮೋಟಾರು ಬಿಗಿಯಿತು, ಜೇನಿನಲ್ಲಿ ಕೈ ಆಡಿಸಿದಷ್ಟು ಭಾರ.

"ಇದೇನವಾ, ಮುನಿಸ್ಕೊಂತು?"

"ಎರಡೂ ಬಾಯಿ ಕೂಡಿಸಿದ್ರ ಹಂಗ. ಒಳಗ ಕಸುವು ಇದ್ದದ್ದಕ್ಕ ಬಿಗೀತೈತಿ. ಸತ್ತ ಮೋಟಾರ್ ಬಿಗಿಯೂದಿಲ್ಲ, ಸಡಲಾಗಿ ತಿರಗತೈತಿ. ಇದು ಜೀವಂತ ಐತ್ರಿ ಕಾಕಾ."

ಕಂಪ್ಯೂಟರಿನ ಆಸೆ ಬಿಡಬೇಕು, ಆದರೆ ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿದರೆ ಟೇಬಲ್ಲು ನಿಧಾನವಾಗಿ ನಡೆಯುತ್ತದೆ. ವೈರು ಅದಲುಬದಲು ಮಾಡಿದರೆ ಹಿಂದಕ್ಕೆ ಬರುತ್ತದೆ. ಗೇರಿನ ಹಲ್ಲು ಕಡಿಯಲು ಒಂದು ದಿಕ್ಕಿನ ಅಷ್ಟು ನಡಿಗೆ ಸಾಕು ಎಂದು ಪಲ್ಲವಿ ಬಿಡಿಸಿ ಹೇಳಿದಳು. ಮನೆಗೆ ಹೋಗಿ ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗಿಟ್ಟು, ವಾಸನೆ ಪೂರ್ತಿ ಹೋಗುವತನಕ ಬ್ಯಾಟರಿ ಮುಟ್ಟಿಸಕೂಡದು. ಹೊರಡುವಾಗ ಒಂದು ಚೀಲ ನಿಂಬೆಹಣ್ಣು ಕೊಟ್ಟಳು. "ಇಂಡಿಗೆ ಬಂದು ನಿಂಬಿಹಣ್ಣು ಇಲ್ದ ಹೋದ್ರ ಬಸ್ಸಿನವರು ಹತ್ತಿಸ್ಕೊಳ್ಳೂದಿಲ್ಲ. ಮತ್ತ ಕಾಕಾ, ಇನ್ನ ಇದಕ್ಕ ಹನ್ಯಷ್ಟ ಎಣ್ಣಿ ಬೀಳಬಾರದು ನೋಡ್ರಿ."

ಎಣ್ಣೆ ಹಾಕಿದವರು ಯಾರು? ಬಸ್ಸಿಳಿಯುವ ಹೊತ್ತಿಗೆ ಖಂಡೆಪ್ಪ ಮನಸ್ಸಿನಲ್ಲೇ ಖಟ್ಲೆ ಮುಗಿಸಿ ಶಿಕ್ಷೆಯನ್ನೂ ಬರೆದಿಟ್ಟಿದ್ದ. ಮೋಟಾರು ಕಂಡರೆ ಕೈ ತುರಿಸುವವನು ಬಾಗೇವಾಡಿಯಲ್ಲಿ ಒಬ್ಬನೇ. ಹಲಗೆಯ ಮೇಲಿನ ಡಬ್ಬಿ ಎತ್ತಿ ನೋಡಿದರೆ ಅರ್ಧಕ್ಕಿಂತ ಹಗುರ. ನೇರವಾಗಿ ಪಕ್ಕದ ಅಂಗಡಿಗೆ ಹೋದ.

"ಎಣ್ಣಿ ನೀನ ಹಾಕೀದಿ."

"ಎದಕ್ಕ?"

"ನನ್ನ ಮೋಟಾರಿಗೆ."

ಬಂದಗಿಸಾಬ ಸುತ್ತುತ್ತಿದ್ದ ತಂತಿಯನ್ನು ಕೆಳಗಿಟ್ಟ. ಏನೋ ಹೇಳಲು ಬಾಯಿ ತೆರೆದು, ಖಂಡೆಪ್ಪನ ಅಂಗಡಿಯ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡ. ಆಮೇಲೆ ಅಂದದ್ದು ಇಷ್ಟೇ: "ನಾ ಯಾವತ್ತೂ ಮೋಟಾರಿಗೆ ವಾರ್ನೀಷ್ ಬಿಟ್ಟು ಬ್ಯಾರೆ ಏನೂ ಕುಡಿಸಿಲ್ಲ. ಹೋಗು."

ಅಂದು ಅವನು ಚಹಾಕ್ಕೆ ಬರಲಿಲ್ಲ. ಖಂಡೆಪ್ಪ ಕಳಿಸಿದ ಕಪ್ಪು ತುಂಬಿದಂತೆಯೇ ತಿರುಗಿ ಬಂತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಖಂಡೆಪ್ಪ ಹೆಂಡತಿಯ ಮುಂದೆ ತನ್ನ ದೂರು ಬಿಚ್ಚಿದ. "ಯಾವನೋ ಪುಣ್ಯಾತ್ಮ ಎಣ್ಣಿ ಹಾಕಿ ಹಾಕಿ ಕೊಲ್ಲಾಕತ್ತಿದ್ದ ಅದನ್ನ. ಸರ್ವೋ ಅಂದ್ರ ಎಣ್ಣಿ ಅಲ್ಲಂತ! ಒಂದು ಹನಿ ಬೀಳಬಾರದಂತ!" ಎಂದು ಹೇಳಿ, ಮನಿ ಅಳಿಯನ ಮೇಲೆ ಬರಬಹುದಾದ ಮಾತಿಗೆ ತಯಾರಾಗಿ ತಲೆ ತಗ್ಗಿಸಿದ.

ಮಾತು ಬರಲಿಲ್ಲ. ಪುಂಡಿಪಲ್ಯ ಬಂತು. ಕೇಳದೆಯೇ ಇನ್ನೊಂದು ರೊಟ್ಟಿ ಬಂತು. ಅದರ ಮೇಲೆ ಬೆಣ್ಣೆಯೂ ಬಂತು. ಬೆಣ್ಣೆ ಕಂಡು ಖಂಡೆಪ್ಪನಿಗೆ ಹೆದರಿಕೆಯಾಯಿತು. ಮದುವೆಯಾದಂದಿನಿಂದ ಲಕ್ಕವ್ವ ಮಾತಿಲ್ಲದೆ ಬಡಿಸಿದ್ದನ್ನು ಅವನು ಕಂಡಿರಲಿಲ್ಲ. ತಲೆ ಎತ್ತಿದರೆ ಅವಳು ಒಲೆಯ ಕಡೆ ಮುಖ ಮಾಡಿ, ತುಟಿ ಬಿಗಿದು ಕೂತಿದ್ದಳು. ಎರಡೂ ವೈರು ಕೂಡಿಸಿ ಹಿಡಿದ ಮೋಟಾರಿನ ಹಾಗೆ.

"ಸತ್ತ ಹೋತೇನ್ರಿ ಅದು?" ಎಂದಳು ಕೊನೆಗೆ, ಒಲೆಗೆ ಹೇಳಿದಂತೆ.

ಖಂಡೆಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಮಾವಾಸ್ಯೆ ಅಮಾವಾಸ್ಯೆಗೆ ಅಂಗಡಿ ಗುಡಿಸಿ ಊದಿನಕಡ್ಡಿ ಹಚ್ಚಲು ಬರುತ್ತಿದ್ದವಳು ಇವಳು. ಆಗ ತಾನು ಹೊರಗೆ ಬೇವಿನ ಕೆಳಗೆ ನಿಂತು ಬೀಡಿ ಸೇದುತ್ತಿದ್ದ. "ಹಣಿ ಮ್ಯಾಲೆ ಏನ ಬರಕೊಂಡೈತ್ರಿ?" "ಸರ್ವೋ. ಮತ್ತೇನಿಲ್ಲ." ಪಾಪದ ಮಶೀನು, ತನಗೆ ಬೇಕಾದದ್ದನ್ನು ಹಣೆಯ ಮೇಲೆ ಬರೆದುಕೊಂಡು ಕೂತಿದೆ, ಈ ಗಂಡಸು ಊರೂರು ಅಲೆಯುತ್ತಾನೆ, ಪಕ್ಕದಲ್ಲೇ ಡಬ್ಬಿ ಇದ್ದರೂ ಕೊಡುವುದಿಲ್ಲ! ಹತ್ತು ಜನರ ಮುಂದೆ ಕುಂಕುಮ ಕೊಡದೆ ದಾಟಿದವಳು, ಯಾರೂ ಇಲ್ಲದಾಗ ಅದಕ್ಕೆ ಉಣಿಸುತ್ತ ಬಂದಿದ್ದಳು. ಗುಜರಿಯ ಷರತ್ತು ಹಾಕಿ, ಅದರಲ್ಲಿ ತಾನೇ ಸೋಲಬೇಕೆಂದು.

"ಸತ್ತಿಲ್ಲ," ಎಂದ ಖಂಡೆಪ್ಪ, ತುತ್ತು ನುಂಗಿ. "ಜಡ್ಡು ಅಷ್ಟ. ತೊಳದ್ರ ಏಳತೈತಿ."

ಲಕ್ಕವ್ವನ ಬೆನ್ನು ಸಡಿಲಾಯಿತು. "ಏಳಲಿಲ್ಲಂದ್ರ ನಾಲತವಾಡದಾಂವ ಬರ್ತಾನ, ಗೊತ್ತೈತಿಲ್ಲೋ?" ಎಂದಳು. ದನಿ ತನ್ನ ಜಾಗಕ್ಕೆ ಬಂದಿತ್ತು. ಬೆಣ್ಣೆಯ ಗಡಿಗೆ ನೆಲುವಿಗೆ ಹೋಯಿತು.

ಸಂಜೆ ಖಂಡೆಪ್ಪ ತಾನೇ ಎರಡು ಕಪ್ಪು ಚಹಾ ಹಿಡಿದು ಪಕ್ಕದ ಅಂಗಡಿಗೆ ಹೋದ. "ದೋಸ್ತಾ, ಎಣ್ಣಿ ಹಾಕಿದಾಂವ ನಾನ. ಮರತಿದ್ದೆ."

"ಮರತಿದ್ದಿ?"

"ಹೂಂ."

"ಅಮಾಶಿ ಅಮಾಶಿಗೆ ಹಾಕಿದ್ದು ಮರತಿದ್ದಿ?"

"ಅಮಾಶಿ ಅಂತ ನಿನಗ ಯಾರು ಹೇಳಿದ್ರು?"

ಬಂದಗಿಸಾಬ ಚಹಾ ಊದಿದ. "ಇಲ್ಲಿ ಕುಂತ್ರ ನಿನ್ನ ಅಂಗಡಿ ಪೂರಾ ಕಾಣತೈತಿ. ಹಸರ ಬಳಿ ಹಾಕ್ಕೊಂಡು, ತಲಿ ಮ್ಯಾಲೆ ಸೆರಗ ಹೊತ್ತು ಎಣ್ಣಿ ಹಾಕೂ ಖಂಡೆಪ್ಪನ್ನ ನಾನೂ ನೋಡೇನಿ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?"

"ಅಕ್ಕನ ಹೆಸರು ನಾ ಹ್ಯಾಂಗ ಹೇಳಲಿ? ಅದೂ ಅಲ್ಲದ, ಸರ್ವೋ ಮೋಟಾರಿಗೆ ಸರ್ವೋ, ಬರೋಬ್ಬರಿ ಐತಿ ಅಂತ ನಾನೂ ತಿಳಕೊಂಡಿದ್ದೆ." ಕಪ್ಪು ಕೆಳಗಿಟ್ಟು, "ಈಗರ ಬಿಚ್ಚಾಕ ಕೊಡು," ಎಂದ.

"ಮುಚ್ಚಳ ಅಷ್ಟ. ನಡುವಿಂದು ಮುಟ್ಟಿದ್ರ ಕೈ ಮುರೀತೇನಿ."

ಇಬ್ಬರೂ ಕೂಡಿ ಮೋಟಾರನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟರು. ಅದು ಒಣಗುವಷ್ಟರಲ್ಲಿ ಮಶೀನನ್ನು ಹಾರೆಯಿಂದ ಮೀಟಿ ಸರಿಸಿ, ಗೋಡೆಯ ಸಂದಿಯ ಇನ್ನೊಂದು ಮೋಟಾರನ್ನೂ ಹೊರಗೆ ತೆಗೆದರು. ಅದು ತಿರುಗಲೇ ಇಲ್ಲ. ಮಳೆಗಾಲದಲ್ಲಿ ಗೋಡೆಯಿಂದ ಇಳಿದ ನೀರು ಅದರ ಬಾಯಿಗೇ ಬಿದ್ದು ಬೇರಿಂಗು ತುಕ್ಕು ಹಿಡಿದು ಕಲ್ಲಾಗಿತ್ತು. ಲಕ್ಕವ್ವ ಕುಳ್ಳಿ, ಅಲ್ಲಿಗೆ ಅವಳ ಕೈ ಎಟುಕಿರಲಿಲ್ಲ. ಅದೇ ಸೋರುವ ಮಾಡಿನ ಕೆಳಗೆ ಕೂತೂ, ಬಾಗಿಲ ಕಡೆಯ ಮೋಟಾರಿನ ಬೇರಿಂಗು ಎಣ್ಣೆಯಲ್ಲಿ ನೆನೆದು ಬೆಣ್ಣೆಯಂತೆ ತಿರುಗುತ್ತಿತ್ತು.

"ಕುಡದದ್ದು ಉಳೀತು, ಕುಡೀಲಾರದ್ದು ಸತ್ತಿತು," ಎಂದ ಬಂದಗಿಸಾಬ. "ಇದನ್ನ ನಿಮ್ಮ ಮೇಡಂಗ ಹೇಳು."

ಸತ್ತ ಮೋಟಾರಿನ ಜಾಗಕ್ಕೆ ಖಂಡೆಪ್ಪ ಕೊನೆಗೆ ಒಂದು ಹಿಡಿಕೆ ಮಾಡಿ ಹಾಕಿದ. ಬಂದಗಿಸಾಬ ಅದನ್ನು ನೋಡಿ ಬೀಸುವ ಪದವೊಂದನ್ನು ಗುನುಗಿದ. ಖಂಡೆಪ್ಪ ಹಿಡಿಕೆಯನ್ನು ಇನ್ನೊಂದು ಸುತ್ತು ಬಿಗಿದ.

ಖಂಡೆ ಪೂಜೆಯ ದಿನ ಶೆಡ್ಡಿನ ಮುಂದೆ ಜನ ಕೂಡಿತು. ಅಳಿಯ ಏಳುವುದನ್ನು ನೋಡಲು ಬಂದವರು ಕೆಲವರು, ಏಳದಿರುವುದನ್ನು ನೋಡಲು ಬಂದವರು ಹಲವರು. ನಾಲತವಾಡದ ಗುಜರಿಯವನೂ ಬಂದು, ಪ್ರಸಾದದ ನೆಪದಲ್ಲಿ, ಟ್ರ್ಯಾಕ್ಟರನ್ನು ಬಾಗಿಲಿಗೆ ಹಿಂದುಮುಂದಾಗಿ ಹಚ್ಚಿ ನಿಲ್ಲಿಸಿದ್ದ.

"ಛಲೋ ಆತು, ಬ್ಯಾಟರಿ ತಂದಿ," ಎಂದು ಖಂಡೆಪ್ಪ ಅದೇ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಕೊಂಡು ಬಂದ.

ಲಕ್ಕವ್ವ ಲೇಥಿಗೆ, ಡ್ರಿಲ್ಲಿಗೆ, ವೆಲ್ಡಿಂಗ್ ಸೆಟ್ಟಿಗೆ ಪೂಜೆ ಮುಗಿಸಿ ಮಿಲ್ಲಿಂಗ್ ಮಶೀನಿನ ಮುಂದೆ ನಿಂತಳು. ಇಂಡಿಯ ನಿಂಬೆಹಣ್ಣೊಂದನ್ನು ಆರಿಸಿ, ಟೇಬಲ್ಲಿನ ತುದಿ ಬಂದು ಮುಟ್ಟಬೇಕಾದ ತಡೆಯ ಹತ್ತಿರ ಇಟ್ಟಳು. "ಗಾಡಿ ಗಾಲಿ ನಿಂಬಿಹಣ್ಣು ದಾಟಿದ ಮ್ಯಾಲೇನ ಗಾಡಿ ಅನ್ನೂದು. ಇದು ಹಿಚುಕಲಿ, ನೋಡೂಣು."

ಖಂಡೆಪ್ಪ ವೈರು ಮುಟ್ಟಿಸಿದ. ಒಂದು ಸಣ್ಣ ಕಿಡಿ. ಟೇಬಲ್ಲು ನಡುಗಿತು, ಮತ್ತು ನಿಂಬೆಹಣ್ಣಿನಿಂದ ದೂರ, ಹಿಂದಕ್ಕೆ ಸರಿಯಿತು.

"ಹೆದರ್ಯಾನ್ರೋ ಅಳ್ಯಾ! ಅತ್ತಿ ಕಂಡು ಹೆದರ್ಯಾನ!" ಜನ ಹೊಟ್ಟೆ ಹಿಡಿದುಕೊಂಡಿತು. ಆದರೆ ಖಂಡೆಪ್ಪನ ಕಿವಿಗೆ ಅದು ಬೀಳಲಿಲ್ಲ. ಹಿಂದಕ್ಕಾದರೇನು, ನಡೆದಿತ್ತು. ವೈರು ಅದಲುಬದಲು ಮಾಡಿದ. ಟೇಬಲ್ಲು ನಿಂತು, ಯೋಚಿಸಿ, ಮುಂದಕ್ಕೆ ಹೊರಟಿತು. ಬಸುರಿ ಎಮ್ಮೆಯ ನಡಿಗೆ, ಅವಸರವಿಲ್ಲ, ಅಳುಕಿಲ್ಲ. ನಗು ಒಬ್ಬೊಬ್ಬರಾಗಿ ನಿಂತಿತು. ಟೇಬಲ್ಲಿನ ತುದಿ ನಿಂಬೆಹಣ್ಣನ್ನು ಮುಟ್ಟಿತು, ಒತ್ತಿತು. ಪಟ್ಟೆಂದು ಸಿಪ್ಪೆ ಬಿರಿದು ರಸ ಲಕ್ಕವ್ವನ ಕೈಮೇಲೆ ಸಿಡಿಯಿತು.

ಗುಜರಿಯವನು, "ನನ್ನ ಬ್ಯಾಟರಿ..." ಎಂದ. ಯಾರೂ ಲಕ್ಷ್ಯ ಕೊಡಲಿಲ್ಲ.

ಲಕ್ಕವ್ವ ವಿಭೂತಿಯ ಮೂರು ಗೆರೆ ಎಳೆದಳು, ಕುಂಕುಮ ಇಟ್ಟಳು, ಕಾಯಿ ಒಡೆದಳು. ಆಮೇಲೆ ಸುತ್ತ ನಿಂತವರಿಗೆ ಕೇಳುವಂತೆ, "ಎದ್ನೆಲ್ಲ, ಇನ್ನ ದುಡದು ಹಾಕಲಿ. ಒಂದು ಹೆಜ್ಜಿಗೆ ಹಿಗ್ಗಬ್ಯಾಡ್ರಿ," ಎಂದಳು. ಜನ ಪ್ರಸಾದದ ಕಡೆ ತಿರುಗಿತು. ಆಗ, ಎಷ್ಟೋ ಅಮಾವಾಸ್ಯೆಗಳ ರೂಢಿಯಿಂದ, ಅವಳ ಕೈ ತಾನಾಗಿಯೇ ಹಲಗೆಯ ಮೇಲಿನ ಎಣ್ಣೆ ಡಬ್ಬಿಯತ್ತ ಹೋಯಿತು. ಎತ್ತಿದ ಮೇಲೆ ಎಚ್ಚರವಾಗಿ, ಹಾಗೆಯೇ ಹಿಡಿದುಕೊಂಡು ನಿಂತಳು. ಇಡುವಂತಿಲ್ಲ, ಸುರಿಯುವಂತಿಲ್ಲ.

ಖಂಡೆಪ್ಪ ಆ ಕಡೆ ನೋಡಲೇ ಇಲ್ಲ. ಟೇಬಲ್ಲಿನ ಕೆಳಗೆ ಹೊಳೆಯುತ್ತಿದ್ದ ಉದ್ದನೆಯ ಸ್ಕ್ರೂವನ್ನು ಬೆರಳಿನಿಂದ ತೋರಿಸುತ್ತ, ಮಶೀನಿಗೇ ಹೇಳಿದಂತೆ ಹೇಳಿದ:

"ಇದಕ್ಕ ಮಾತ್ರ ಎಣ್ಣಿ ಬೇಕು ನೋಡು. ದಿನಾ ಬೇಕು. ನನಗ ನೆನಪ ಇರೂದಿಲ್ಲ."

"ನಿಮಗ ಏನ ನೆನಪಿರತೈತಿ?" ಎಂದು ಲಕ್ಕವ್ವ ಬಗ್ಗಿ, ಸ್ಕ್ರೂವಿನ ಉದ್ದಕ್ಕೂ ಎಣ್ಣೆ ಸುರಿದಳು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ.